ಕೆಣಕಿದವರು ಯಾರು, ಕೆರಳಿದವರು ಯಾರು: ‘ಅಲರ್’ ನಿಘಂಟಿನ ಬಗ್ಗೆ ಅನುವಾದಕಿಯೊಬ್ಬಳ ಮಾತು

ಕೆಳಗಿನ ಕೋರ್ಟುಗಳಲ್ಲಿ ಕನ್ನಡದಲ್ಲಿ ದಾಖಲಾದ ದೂರು, ಪಂಚನಾಮೆ, ಸಾಕ್ಷಿ ಹೇಳಿಕೆಗಳನ್ನು ಮೇಲ್ಮನವಿಗಾಗಿ ಇಂಗ್ಲಿಷಿಗೆ ಮಾಡಿಕೊಡುವುದು ನನ್ನ ಕೆಲಸ. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇರುವುದರಿಂದ ಇಲ್ಲಿನ ವಕೀಲರ ಕಚೇರಿಗಳಿಂದ ಕಾಗದಗಳು ಬರುತ್ತಲೇ ಇರುತ್ತವೆ. ಕೆಲಸಕ್ಕೆ ಕೂತಾಗ ನನ್ನ ಗಣಕಯಂತ್ರದಲ್ಲಿ ಸದಾ ತೆರೆದಿರುವುದು ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ಆನ್‌ಲೈನ್ ನಿಘಂಟು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂಡಿಹಾಕಿದ ಪದಸಂಪತ್ತು ಇದು. ಒಂದೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳಿವೆ. 2019ರಲ್ಲಿ ಇದನ್ನು ಜಾಲಕ್ಕೆ ತಂದವರು ಕೈಲಾಶ್ ನಾಧ್. ಮಲಯಾಳಂಗೆ ‘ಓಳಂ’ ನಿಘಂಟು ಕಟ್ಟಿದವರೂ ಅವರೇ.

ಈ ನಿಘಂಟನ್ನು ನಾನು ಒಂದೇ ಗುಂಪಿನ ಪದಗಳಿಂದ ಅಳೆಯುತ್ತೇನೆ. ಜಗಳದ ಪ್ರಕರಣಗಳಲ್ಲಿ ಅವೇ ತಲೆನೋವು. ಸಾಕ್ಷಿ ಕಟಕಟೆಯಲ್ಲಿ ನಿಂತು ‘ಸುಮ್ನ ಕುಂತಾಂವನ್ನ ಕೆಣಕ್ಯಾನ್ರೀ’ ಅನ್ನುತ್ತಾನೆ. ಮತ್ತೊಬ್ಬ ‘ಅವ್ರ ಚಿಗವ್ವ ಎತ್ತಿಕಟ್ಯಾಳ್ರೀ’ ಅನ್ನುತ್ತಾನೆ. ದೂರಿನಲ್ಲಿ ‘ಚಿತಾವಣೆಯಿಂದ’ ಎಂದಿರುತ್ತದೆ, ದೋಷಾರೋಪ ಪಟ್ಟಿಯಲ್ಲಿ ‘ಪ್ರಚೋದಿಸಿ’ ಎಂದಾಗಿರುತ್ತದೆ. ಅವಸರದ ಅನುವಾದಕ ಎಲ್ಲಕ್ಕೂ ‘ಪ್ರೊವೋಕ್’ ಎಂದು ಬರೆದು ಮುಂದೆ ಹೋಗಿಬಿಡುತ್ತಾನೆ. ಅದು ಅನ್ಯಾಯ. ಕೊಲೆ ಪ್ರಕರಣದಲ್ಲಿ ಗಂಭೀರವಾದ, ಹಠಾತ್ತನೆ ಬಂದ ಪ್ರಚೋದನೆಯಿಂದ ಮನಸ್ಸಿನ ಹಿಡಿತ ತಪ್ಪಿ ಹೊಡೆದದ್ದು ಎಂದು ಸಾಬೀತಾದರೆ ಅಪರಾಧದ ತೂಕವೇ ಇಳಿಯುತ್ತದೆ. ಆದರೆ ಆ ಪ್ರಚೋದನೆಯನ್ನು ಆರೋಪಿಯೇ ನೆಪಕ್ಕಾಗಿ ಹುಡುಕಿಕೊಂಡು ಹೋಗಿರಬಾರದು ಎಂಬ ಷರತ್ತನ್ನೂ ಕಾನೂನು ಹಾಕಿದೆ. ಅಂದರೆ ಯಾರು ಕೆರಳಿದರು ಎಂಬಷ್ಟೇ ಮುಖ್ಯ, ಮೊದಲು ಕಾಲು ಕೆರೆದುಕೊಂಡು ಬಂದವರು ಯಾರು ಎಂಬುದು. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆ ಅಧಿಕಾರಿ ನಾನಾವತಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1961ರಲ್ಲಿ ಈ ರಿಯಾಯಿತಿ ಕೊಡಲಿಲ್ಲ. ಹೆಂಡತಿಯ ತಪ್ಪೊಪ್ಪಿಗೆ ಕೇಳಿದ್ದಕ್ಕೂ ಗುಂಡು ಹಾರಿಸಿದ್ದಕ್ಕೂ ನಡುವೆ ಸಿಟ್ಟು ಇಳಿಯುವಷ್ಟು ಹೊತ್ತು ಸಿಕ್ಕಿತ್ತು ಎಂಬುದು ಅದರ ಕಾರಣಗಳಲ್ಲಿ ಒಂದು.

ಹಾಗಾಗಿ ‘ಕೆಣಕು’ ಮತ್ತು ‘ಕೆರಳಿಸು’ ನನಗೆ ಒಂದೇ ಅಲ್ಲ. ಕೆಣಕುವವನಿಗೆ ಉದ್ದೇಶ ಇರುತ್ತದೆ, ಅವನು ಎದುರಿಗೇ ನಿಂತಿರುತ್ತಾನೆ. ಎದುರಿನವನು ಜಗ್ಗದೆ ಸುಮ್ಮನಿದ್ದರೂ ಕೆಣಕಿದ್ದು ಕೆಣಕಿದ್ದೇ. ‘ಕೆರಳಿಸು’ ಅನ್ನಬೇಕಾದರೆ ಎದುರಿನವನು ಕೆರಳಿರಲೇಬೇಕು. ಕೆರಳಿಸಿದ್ದು ಮನುಷ್ಯನೇ ಆಗಬೇಕೆಂದಿಲ್ಲ, ಒಂದು ಸುದ್ದಿಯೂ ಆಗಬಹುದು. ಕುತೂಹಲವನ್ನೂ ಕೆರಳಿಸಬಹುದು. ‘ಕೆದಕು’ ಎಂದರೆ ತಣ್ಣಗಾಗಿದ್ದ ಹಳೆಯದನ್ನು ಮೇಲೆ ತರುವುದು. ಹೊಲದ ಬದುವಿನ ವ್ಯಾಜ್ಯಗಳಲ್ಲಿ ಈ ಪದ ಬರದ ಹೇಳಿಕೆಯೇ ಅಪರೂಪ.

‘ಎತ್ತಿಕಟ್ಟು’ ಎಂದಕೂಡಲೇ ಮೂರನೆಯವರು ಬಂದರು. ಅವರು ಜಗಳದ ಜಾಗದಲ್ಲಿ ಇರಬೇಕೆಂದೇನೂ ಇಲ್ಲ, ಒಬ್ಬರನ್ನು ಇನ್ನೊಬ್ಬರ ವಿರುದ್ಧ ನಿಲ್ಲಿಸಿ ತಾವು ಮನೆಯಲ್ಲಿ ಕೂತಿರಬಹುದು. ‘ಚಿತಾವಣೆ’ಯೂ ಅದೇ ಜಾತಿಯದು, ಆದರೆ ಇನ್ನೂ ಗುಟ್ಟಾದದ್ದು. ‘ಕುಮ್ಮಕ್ಕು’ ಕೊಡುವವರು ಬೆನ್ನಿಗೆ ನಿಲ್ಲುತ್ತಾರೆ. ಈ ಮೂರೂ ಇಂಗ್ಲಿಷಿನಲ್ಲಿ ‘ಇನ್‌ಸ್ಟಿಗೇಟ್’, ‘ಅಬೆಟ್’ ಕಡೆಗೆ ಹೋಗಬೇಕು. ಅವಮಾನ ಮಾಡಿ ಶಾಂತಿಭಂಗಕ್ಕೆ ಕೆಣಕುವುದು ಹಿಂದೆ ಐಪಿಸಿ 504, ಈಗ ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಂ. ದುಷ್ಪ್ರೇರಣೆಯ, ಅಂದರೆ ‘ಅಬೆಟ್‌ಮೆಂಟ್’ನ ದಾರಿಯೇ ಬೇರೆ, ಅದರ ಅರ್ಥ ಅದೇ ಸಂಹಿತೆಯ 45ನೇ ಕಲಂನಲ್ಲಿದೆ. ಪದ ಒಂದು ಮನೆ ಆಚೀಚೆಯಾದರೆ ಚಿಗವ್ವ ಕೇಸಿನ ಒಳಗೆ ಬರುತ್ತಾಳೆ ಅಥವಾ ಹೊರಗೆ ಉಳಿಯುತ್ತಾಳೆ.

ಇಲ್ಲಿ ಅಲರ್ ನಿಜಕ್ಕೂ ಕೈ ಹಿಡಿಯುತ್ತದೆ. ಒಂದು ಪದ ಕೊಟ್ಟರೆ ಒಂದೇ ಅರ್ಥ ಹೇಳಿ ಮುಗಿಸುವುದಿಲ್ಲ. ನಾಮಪದವೋ ಕ್ರಿಯಾಪದವೋ ಎಂದು ಹೇಳಿ ಅರ್ಥಗಳನ್ನು ಬಿಡಿಸಿಡುತ್ತದೆ. ಕೃಷ್ಣ ಅವರ ಇಂಗ್ಲಿಷ್ ವಿವರಣೆಗಳು ಬರಿಯ ಸಮಾನಪದಗಳಲ್ಲ, ಎಷ್ಟೋ ಕಡೆ ಪೂರ್ತಿ ಬಿಡಿಸಿ ಹೇಳಿದ ಮಾತುಗಳು. ಉಚ್ಚಾರದ ಆಧಾರದಲ್ಲಿ ಹುಡುಕುವ ವ್ಯವಸ್ಥೆ ಇರುವುದರಿಂದ ಕಾಗುಣಿತದಲ್ಲಿ ಸಣ್ಣದಾಗಿ ತಪ್ಪಿದರೂ ಪದ ಸಿಗುತ್ತದೆ; ಪೊಲೀಸ್ ಠಾಣೆಯ ಕೈಬರಹ ಓದುವವರಿಗೆ ಇದು ದೊಡ್ಡ ಉಪಕಾರ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ಹಣ ಕೇಳುವುದಿಲ್ಲ. ಇಡೀ ದತ್ತಾಂಶವನ್ನು ಮುಕ್ತ ಪರವಾನಗಿಯಲ್ಲಿ ಇಟ್ಟಿದ್ದಾರೆ. ಒಬ್ಬ ಮನುಷ್ಯನ ಜೀವಮಾನದ ದುಡಿಮೆ ಹೀಗೆ ಎಲ್ಲರಿಗೂ ತೆರೆದಿರುವುದನ್ನು ನೋಡಿದರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಕೊರತೆ ಒಂದೇ, ಆದರೆ ಸಣ್ಣದಲ್ಲ: ಬಳಕೆಯ ವಾಕ್ಯಗಳಿಲ್ಲ. ‘ರೇಗಿಸು’ ತೆಗೆದುಕೊಳ್ಳಿ. ಮೈಸೂರು ಕಡೆ ಅಕ್ಕ ತಮ್ಮನನ್ನು ರೇಗಿಸಿದರೆ ಮನೆಮಂದಿ ನಗುತ್ತಾರೆ. ಬಸ್ ನಿಲ್ದಾಣದಲ್ಲಿ ಅಪರಿಚಿತ ಹುಡುಗಿಯನ್ನು ರೇಗಿಸಿದರೆ ಅದು ಪೊಲೀಸರ ಪಾಲಿಗೆ ‘ಚುಡಾಯಿಸು’. ಯಾರು ಯಾರಿಗೆ ಅಂದರು ಎಂಬುದು ವಾಕ್ಯದಲ್ಲಿ ಮಾತ್ರ ಗೊತ್ತಾಗುತ್ತದೆ. ‘ಹುರಿದುಂಬಿಸು’ ಕೂಡ ಹಾಗೆಯೇ. ಕಬಡ್ಡಿ ಆಟಗಾರರನ್ನು ಹುರಿದುಂಬಿಸುವುದು ಪ್ರೀತಿ, ಕಲ್ಲು ಹಿಡಿದ ಗುಂಪನ್ನು ಹುರಿದುಂಬಿಸಿದ ಎಂದು ಸಾಕ್ಷಿ ಹೇಳಿದರೆ ಅದು ಆರೋಪ. ‘ಪ್ರಚೋದನೆ’ಯಂತೂ ಪತ್ರಿಕೆಗಳ ಕೈಯಲ್ಲಿ ಪೂರ್ತಿ ಕೆಟ್ಟ ಪದವಾಗಿದೆ. ಗಾಯತ್ರಿ ಮಂತ್ರದ ಕೊನೆಯಲ್ಲಿ ಬರುವ ‘ಪ್ರಚೋದಯಾತ್’ ಅದೇ ಮೂಲದ್ದು. ಅಲ್ಲಿ ಬುದ್ಧಿಯನ್ನು ಒಳ್ಳೆಯದರ ಕಡೆ ನಡೆಸು ಎಂಬ ಬೇಡಿಕೆ.

ಈ ಕೊರತೆ ತುಂಬಲು ನಾನು ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳ ಮೊರೆ ಹೋಗುತ್ತೇನೆ. ಮೊದಲನೆಯದು 1970ರಲ್ಲಿ, ಕೊನೆಯದು 1995ರಲ್ಲಿ ಬಂತು. ಅಲ್ಲಿ ಅರ್ಥದ ಜೊತೆ ಶಾಸನ, ಕಾವ್ಯ, ಗದ್ಯಗಳಿಂದ ಪ್ರಯೋಗಗಳಿವೆ, ಪದ ನಡೆದುಬಂದ ದಾರಿ ಕಾಣುತ್ತದೆ. ಆದರೆ ಅರ್ಥ ಕನ್ನಡದಲ್ಲೇ ಇರುವುದರಿಂದ ಇಂಗ್ಲಿಷ್ ಪದ ನಾವೇ ಹುಡುಕಬೇಕು, ಸಂಪುಟಗಳನ್ನು ಎತ್ತಲೂ ಎರಡು ಕೈ ಬೇಕು. 1894ರ ಕಿಟ್ಟೆಲ್ ಕೋಶದಲ್ಲಿ ಗಾದೆಗಳು ಸಿಗುತ್ತವೆ, ಇವತ್ತಿನ ಠಾಣೆಯ ಭಾಷೆ ಸಿಗುವುದಿಲ್ಲ.

ಅಲರ್ ನಡೆಸುವವರಲ್ಲಿ ನನ್ನ ವಿನಂತಿ: ಕ್ರಿಯಾಪದಗಳಿಗಾದರೂ ಒಂದೊಂದು ಆಡುಮಾತಿನ ವಾಕ್ಯ ಸೇರಿಸಿ. ಮೊದಲ ಕಂತಿನಲ್ಲಿ ಜಗಳದ ಪದಗಳೇ ಇರಲಿ. ಧಾರವಾಡ ಸೀಮೆಯ ಮಾತಿನ ವಾಕ್ಯಗಳನ್ನು ಬರೆದುಕೊಡಲು ನಾನು ತಯಾರಿದ್ದೇನೆ. ಹೊಸದಾಗಿ ಕೋರ್ಟ್ ಅನುವಾದಕ್ಕೆ ಇಳಿದವರಿಗೆ ಅಲರ್ ಇಲ್ಲದೆ ಕೂರಬೇಡಿ ಎಂದೇ ಹೇಳುತ್ತೇನೆ. ಆದರೆ ಅದು ಕೊಟ್ಟ ಮೊದಲ ಅರ್ಥವನ್ನು ಹೇಳಿಕೆಗೆ ಅಂಟಿಸುವ ಮುಂಚೆ ಹೇಳಿಕೆಯ ಆ ಪುಟವನ್ನು ಮತ್ತೆ ಓದಿ, ಕೆಣಕಿದವರು ಎದುರಿಗಿದ್ದರೋ ಮನೆಯಲ್ಲಿದ್ದರೋ ನೋಡಿಕೊಳ್ಳಿ.