ಹಳೆಯ ‘ಡಾಕ್ಟರ್ ಹೂ’ ಡಿಸ್ಕ್‌ಗಳು: ತಪ್ಪುಗಳನ್ನು ಒರೆಸಿ ಹಾಕದ ಒಳ್ಳೆಯ ಕೆಲಸ

ಕಾಲದಲ್ಲೂ ಅಂತರಿಕ್ಷದಲ್ಲೂ ಸಂಚರಿಸುವ ‘ಡಾಕ್ಟರ್’ ಎಂಬಾತನ ಕಥೆ ಹೇಳುವ ಬಿಬಿಸಿಯ ಟಿವಿ ಸರಣಿ ‘ಡಾಕ್ಟರ್ ಹೂ’ ಶುರುವಾದದ್ದು 1963ರ ನವೆಂಬರ್ 23ರಂದು. ಮೊದಲ ಸುತ್ತು 1989ರವರೆಗೆ ನಡೆಯಿತು. ಆ ಕಾಲದ ಕಂತುಗಳು ಡಿಸ್ಕ್‌ನಲ್ಲಿ ಎರಡು ಬಗೆಯಲ್ಲಿ ಬಂದಿವೆ: ಕಥೆ ಕಥೆಗೂ ಬೇರೆಯಾಗಿ ಬಂದ ಡಿವಿಡಿಗಳು, ಮತ್ತು 2018ರಿಂದ ಸೀಸನ್ ಲೆಕ್ಕದಲ್ಲಿ ಬರುತ್ತಿರುವ ‘ದ ಕಲೆಕ್ಷನ್’ ಬ್ಲೂರೇ ಪೆಟ್ಟಿಗೆಗಳು. ವರ್ಷಗಟ್ಟಲೆ ಮತ್ತೆ ಮತ್ತೆ ಹಾಕಿ ನೋಡಿದ ಮೇಲೆ ಹೇಳಬೇಕೆನಿಸುವುದು ಒಂದೇ ವಿಷಯ. ತೆರೆಯ ಮೇಲೆ ಕಾಣುವ ತಪ್ಪುಗಳನ್ನು ಈ ಡಿಸ್ಕ್‌ಗಳು ಮುಚ್ಚಿಡುವುದಿಲ್ಲ. ಅವುಗಳ ದೊಡ್ಡ ಬೆಲೆ ಇರುವುದೇ ಅಲ್ಲಿ.

‘ಸೆಟ್ ಅಲ್ಲಾಡುತ್ತದೆ’ ಎಂಬ ಮಾತು ಈ ಸರಣಿಗೆ ಅಂಟಿಕೊಂಡುಬಿಟ್ಟಿದೆ. ನಿಜಕ್ಕೂ ಗೋಡೆ ಅಲ್ಲಾಡುವುದು ಅಪರೂಪ. ಹೆಚ್ಚಾಗಿ ಕಾಣುವುದು ಬೇರೆ ಬಗೆಯ ಎಡವಟ್ಟುಗಳು, ಅವಕ್ಕೆ ಕಾರಣ ರೆಕಾರ್ಡಿಂಗ್ ಪದ್ಧತಿ. ಅರವತ್ತರ ದಶಕದಲ್ಲಿ ವಾರವಿಡೀ ತಾಲೀಮು, ಆಮೇಲೆ ಒಂದೇ ಸಂಜೆಯಲ್ಲಿ 25 ನಿಮಿಷದ ಕಂತು ಪೂರ್ತಿ ಮುಗಿಯಬೇಕು. ಹಲವು ಕ್ಯಾಮೆರಾಗಳು ಒಟ್ಟಿಗೆ ಓಡುತ್ತವೆ, ದೃಶ್ಯಗಳು ಕಥೆಯ ಕ್ರಮದಲ್ಲೇ ಸಾಗುತ್ತವೆ. ಎರಡು ಇಂಚು ಅಗಲದ ವಿಡಿಯೋ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕಿತ್ತು. ಟೇಪು ದುಬಾರಿ, ಕತ್ತರಿಸಿದರೆ ಮರುಬಳಕೆಗೆ ತೊಂದರೆ. ಹಾಗಾಗಿ ಬೆರಳೆಣಿಕೆಯಷ್ಟು ಎಡಿಟ್‌ಗಳಿಗೆ ಮಾತ್ರ ಅವಕಾಶ. ಕಂಪನಿ ನಾಟಕದಲ್ಲಿ ಮಾತು ತಪ್ಪಿದ ನಟ ಅಲ್ಲೇ ಸರಿಮಾಡಿಕೊಂಡು ಮುಂದೆ ಹೋಗುವಂತೆ ಇಲ್ಲೂ ಹೋಗಬೇಕಿತ್ತು.

ಇದನ್ನು ಕಣ್ಣಾರೆ ಕಾಣಲು ಸೀಸನ್ 2ರ ಪೆಟ್ಟಿಗೆಯೇ ಸರಿ. 1965ರ ‘ದ ಚೇಸ್’ ಕಥೆಯಲ್ಲಿ ಡಾಕ್ಟರನ ಪಾತ್ರದ ವಿಲಿಯಂ ಹಾರ್ಟ್ನೆಲ್ ‘ಸ್ಪೇಸ್’ ಎನ್ನುವ ಕಡೆ ‘ಸ್ಪೇನ್’ ಎಂದು, ಆ ಉಸಿರಿನಲ್ಲೇ ತಿದ್ದಿಕೊಳ್ಳುತ್ತಾರೆ. ಅದೇ ಕಥೆಯಲ್ಲಿ ಡಾಕ್ಟರನ ಯಂತ್ರಪ್ರತಿರೂಪವಾಗಿ ಬರುವವರು ಎಡ್ಮಂಡ್ ವಾರ್ವಿಕ್. ಎತ್ತರ, ಮುಖ ಎರಡೂ ಹಾರ್ಟ್ನೆಲ್‌ಗೆ ಹೊಂದುವುದಿಲ್ಲ. ಹತ್ತಿರದ ಶಾಟ್‌ಗೆ ಹಾರ್ಟ್ನೆಲ್, ದೂರದ್ದಕ್ಕೆ ವಾರ್ವಿಕ್ ಎಂದು ಬದಲಾಯಿಸುತ್ತಾ ಹೋಗಿದ್ದಾರೆ. ‘ದ ವೆಬ್ ಪ್ಲಾನೆಟ್’ನಲ್ಲಿ ಝಾರ್ಬಿ ಎಂಬ ದೈತ್ಯ ಇರುವೆ ಓಡಿಬಂದು ನೇರವಾಗಿ ಕ್ಯಾಮೆರಾಕ್ಕೆ ಗುದ್ದುತ್ತದೆ. ವೇಷದೊಳಗಿರುವವನಿಗೆ ಮುಂದಿನದು ಸರಿಯಾಗಿ ಕಾಣದು, ನೆಲವೋ ಏರುತಗ್ಗು. ಆ ಕಥೆಯ ಮಸುಕು ಚಿತ್ರ ಮಾತ್ರ ಡಿಸ್ಕಿನ ದೋಷವಲ್ಲ. ಪರಗ್ರಹದ ಗಾಳಿ ಬೇರೆ ಎಂದು ತೋರಿಸಲು ಮಸೂರದ ಮುಂದೆ ವ್ಯಾಸಲೀನ್ ಸವರಿದ್ದರು. ಇದು ತಿಳಿಯದೆ ಟಿವಿಯ ಶಾರ್ಪ್‌ನೆಸ್ ಏರಿಸುತ್ತಾ ಕೂತರೆ ಚಿತ್ರ ಇನ್ನಷ್ಟು ಕೆಡುತ್ತದೆ.

ಸೀಸನ್ 1ರ ಮೊದಲ ಮೂರು ಕಥೆಗಳಿಗೆ 2006ರ ‘ದ ಬಿಗಿನಿಂಗ್’ ಡಿವಿಡಿ ಪೆಟ್ಟಿಗೆ ಬೇಕು. ಅದರಲ್ಲಿ ಆಗ ಪ್ರಸಾರವಾಗದೆ ಉಳಿದ ಪೈಲಟ್ ಕಂತೂ, ಅಂದರೆ ಮೊದಲ ಕಂತಿನ ಮೊದಲ ಪ್ರಯತ್ನವೂ ಇದೆ. ಡಾಕ್ಟರನ ಕಾಲಯಾನದ ವಾಹನವಾದ ಟಾರ್ಡಿಸ್‌ನ ಬಾಗಿಲು ಮುಚ್ಚದೆ ಬಡಿದುಕೊಳ್ಳುವುದನ್ನು ಅಲ್ಲೇ ನೋಡಬಹುದು. ಬಾಗಿಲಿನ ಜೊತೆ ಬೇರೆ ಕೊರತೆಗಳೂ ಸೇರಿ, ಬಿಬಿಸಿ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಇಡೀ ಕಂತನ್ನೇ ಮತ್ತೆ ಮಾಡಿಸಿದರು. ನಿರ್ದೇಶಕ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು. ಎರಡೂ ಆವೃತ್ತಿಗಳನ್ನು ಅಕ್ಕಪಕ್ಕ ನೋಡಿದರೆ ಅವರ ಕೈಚಳಕ ಗೊತ್ತಾಗುತ್ತದೆ. ಅದೇ ಪೆಟ್ಟಿಗೆಯ ‘ದ ಎಜ್ ಆಫ್ ಡಿಸ್ಟ್ರಕ್ಷನ್’ ಹೆಚ್ಚುವರಿ ಸೆಟ್ ಇಲ್ಲದೆ, ನಾಲ್ಕು ಮುಖ್ಯ ನಟರಲ್ಲೇ ಮುಗಿಸಿದ ಎರಡು ಕಂತಿನ ಕಥೆ. ಕಥೆಯ ಗುಟ್ಟೇ ಒಂದು ಸ್ವಿಚ್. ಆ ಸ್ವಿಚ್ಚಿನ ಹೆಸರನ್ನು ಕನ್ಸೋಲ್ ಮೇಲೆ ಪೆನ್ನಿನಿಂದ ಕೈಬರಹದಲ್ಲಿ ಗೀಚಿರುವುದು ಕ್ಲೋಸಪ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ‘ದ ಡಾಲೆಕ್ಸ್’ನಲ್ಲಿ ಹಿಂದೆ ಸಾಲಾಗಿ ನಿಂತ ಡಾಲೆಕ್‌ಗಳ (ಲೋಹಕವಚದೊಳಗಿನ ವೈರಿಗಳು) ಪೈಕಿ ಕೆಲವು ದೊಡ್ಡದು ಮಾಡಿ ಅಂಟಿಸಿದ ಫೋಟೋಗಳು. ನೆರಳು ಬೀಳುವ ರೀತಿಯಿಂದ ಪತ್ತೆ ಹಚ್ಚಬಹುದು.

ಬಣ್ಣ ಬಂದ ಮೇಲೆ ತಪ್ಪಿನ ಸ್ವರೂಪವೇ ಬದಲಾಯಿತು. ಎಪ್ಪತ್ತರ ದಶಕದ ಎಡವಟ್ಟುಗಳಲ್ಲಿ ಬಹಳಷ್ಟು ಸಿಎಸ್‌ಒ (ಕಲರ್ ಸೆಪರೇಷನ್ ಓವರ್‌ಲೇ) ಎಂಬ, ಎರಡು ಚಿತ್ರ ಬೆರೆಸುವ ತಂತ್ರದಿಂದ ಬಂದವು. ಒಂದು ಕ್ಯಾಮೆರಾ ನಟನನ್ನು ನೀಲಿ ಅಥವಾ ಹಳದಿ ಪರದೆಯ ಮುಂದೆ ಹಿಡಿಯುತ್ತದೆ, ಇನ್ನೊಂದು ಮಾದರಿಯನ್ನೋ ಚಿತ್ರವನ್ನೋ ಹಿಡಿಯುತ್ತದೆ. ಮೊದಲನೆಯದರಲ್ಲಿ ಆ ಬಣ್ಣ ಕಂಡಲ್ಲೆಲ್ಲ ಯಂತ್ರ ಎರಡನೆಯದನ್ನು ತುಂಬುತ್ತದೆ. ಕೂದಲಿನ ಅಂಚಿನಲ್ಲಿ ಗೆರೆ ಕುಣಿಯುವುದು ಇದರಿಂದಲೇ. ಸೀಸನ್ 8ರ ‘ದ ಕ್ಲಾಸ್ ಆಫ್ ಆಕ್ಸೋಸ್’ನಲ್ಲಿ ಬೆಂಟನ್ ಮತ್ತು ಯೇಟ್ಸ್ ಎಂಬ ಸೈನಿಕರು ಕೂತ ಗಾಡಿಯ ಹಿಂದೆ ಬರೀ ನೀಲಿ ಪರದೆ ಉಳಿದುಬಿಟ್ಟಿದೆ, ಹಿನ್ನೆಲೆ ತುಂಬಿಯೇ ಇಲ್ಲ. ಸೀಸನ್ 12ರ ‘ರೋಬಾಟ್’ ಇದಕ್ಕಿಂತ ಒಳ್ಳೆಯ ಪಾಠ. ಫಿಲ್ಮ್ ಮತ್ತು ವಿಡಿಯೋ ಬೆರೆತರೆ ಸಿಎಸ್‌ಒ ಅಂಟದು ಎಂದು ಹೊರಾಂಗಣವನ್ನೂ ವಿಡಿಯೋದಲ್ಲೇ ತೆಗೆದರು, ಜಾಣತನದ ನಿರ್ಧಾರ. ಆದರೆ ರೋಬಾಟಿನ ಮೈ ಬೆಳ್ಳಿಯಂತೆ ಹೊಳೆಯುವಂಥದ್ದು. ಪರದೆಯ ಬಣ್ಣ ಅದರಲ್ಲಿ ಪ್ರತಿಫಲಿಸಿದ ಕಡೆ ಮೈಯ ತುಂಡುಗಳೇ ಮಾಯ. ಅದೇ ಕಥೆಯ ಟ್ಯಾಂಕ್ ಮಕ್ಕಳ ಆಟಿಕೆ.

ಸೀಸನ್ 12ರಲ್ಲೇ ಇರುವ ‘ದಿ ಆರ್ಕ್ ಇನ್ ಸ್ಪೇಸ್’ ಬಗ್ಗೆ ಸ್ವಲ್ಪ ನ್ಯಾಯ ಮಾಡಬೇಕು. ವಿರ್ನ್ ಹುಳುವಿನ ಮೈ ಹಸಿರು ಬಳಿದ ಬಬಲ್ ರ‍್ಯಾಪ್. ಇಂದು ಯಾರಿಗಾದರೂ ತಟ್ಟನೆ ಗೊತ್ತಾಗುತ್ತದೆ. 1975ರ ನೋಡುಗರಿಗೆ ಅದು ಅಷ್ಟು ಪರಿಚಿತ ವಸ್ತುವಾಗಿರಲಿಲ್ಲ. ಅದನ್ನು ತಪ್ಪಿನ ಪಟ್ಟಿಗೆ ಸೇರಿಸುವುದು ಸರಿಯಲ್ಲ. ಸೀಸನ್ 14ರ ‘ದ ರೋಬಾಟ್ಸ್ ಆಫ್ ಡೆತ್’ನಲ್ಲಿ ಶವದ ಗುರುತಾಗಿ ಬರುವ ಸೈಕಲ್ ರಿಫ್ಲೆಕ್ಟರ್‌ಗಳಿಗೂ ಇದೇ ಮಾತು.

ನಿಜವಾದ ತಪ್ಪೆಂದರೆ 1975ರ ‘ಪಿರಮಿಡ್ಸ್ ಆಫ್ ಮಾರ್ಸ್’ನ ಕೊನೆಯ ಕಂತಿನದು. ಸಾವಿರಾರು ವರ್ಷ ಬಂಧಿಯಾಗಿದ್ದ ಖಳ ಸುತೆಕ್ ಕೊನೆಗೂ ಆಸನದಿಂದ ಏಳುತ್ತಾನೆ, ಆಗ ಹಿಂದಿನಿಂದ ಬಂದ ಒಂದು ಕೈ ಆಸನದ ದಿಂಬನ್ನು ಒತ್ತಿಹಿಡಿದಿದೆ. ದಿಂಬು ನಟನ ಜೊತೆಗೇ ಎದ್ದು ಬರದಿರಲೆಂದು ಮಾಡಿದ ಉಪಾಯ ಫ್ರೇಮಿನೊಳಗೆ ಸಿಕ್ಕಿಬಿದ್ದಿದೆ. 1984ರ ‘ವಾರಿಯರ್ಸ್ ಆಫ್ ದ ಡೀಪ್’ನ ಮಿರ್ಕಾ ಇನ್ನೂ ಕಷ್ಟದ್ದು. ಇಬ್ಬರು ಹೊಕ್ಕು ನಡೆಸುವ ಪ್ರಾಣಿ, ಬಳಿದ ಹಸಿರು ಬಣ್ಣ ಒಣಗುವ ಮೊದಲೇ ಸೆಟ್ಟಿಗೆ ಬಂತು, ನಟರ ಬಟ್ಟೆಗೂ ಮೆತ್ತಿತು. 1983ರ ಜೂನ್ ಚುನಾವಣೆಯಿಂದ ಸ್ಟುಡಿಯೋ ದಿನಾಂಕಗಳು ಏರುಪೇರಾಗಿ ತಯಾರಿಗೆ ಸಮಯ ಸಿಗಲಿಲ್ಲ. ಅದರ ಮೇಲೆ ಸೆಟ್‌ನಲ್ಲಿ ಕಣ್ಣುಕುಕ್ಕುವ ಬೆಳಕು. ದೀಪ ಅರ್ಧ ಇಳಿಸಿದ್ದರೆ ಮಿರ್ಕಾದ ಮಾನ ಅರ್ಧವಾದರೂ ಉಳಿಯುತ್ತಿತ್ತು.

ಡಿಸ್ಕ್ ತಯಾರಿಸಿದವರ ವಿವೇಕ ಮೆಚ್ಚಬೇಕಾದದ್ದು. ಟೇಪಿನ ಗೀರು, ಫಿಲ್ಮಿನ ಕೊಳೆ, ಬಣ್ಣದ ಮಾಸು ಇವನ್ನೆಲ್ಲ ತೆಗೆದಿದ್ದಾರೆ, ಅಂದಿನ ಸ್ಟುಡಿಯೋದ ತಪ್ಪುಗಳನ್ನು ಹಾಗೇ ಬಿಟ್ಟಿದ್ದಾರೆ. ಹೊಸ ಗ್ರಾಫಿಕ್ಸ್ ಸೇರಿಸಿದಾಗಲೂ ಮೂಲ ಆವೃತ್ತಿ ಕೈಬಿಟ್ಟಿಲ್ಲ. ‘ಕಿಂಡಾ’ದ ಗಾಳಿ ತುಂಬಿದಂಥ ಹಾವಿಗೆ ಬದಲಿ ಹಾವು, ‘ಡೇ ಆಫ್ ದ ಡಾಲೆಕ್ಸ್’ನ ಕೇವಲ ಮೂರು ಡಾಲೆಕ್‌ಗಳ ದಾಳಿಗೆ ಹೊಸ ಶಾಟ್‌ಗಳು, ಎರಡೂ ಆಯ್ಕೆಗೆ ಬಿಟ್ಟದ್ದು. ಹಳೆಯ ಹಾವನ್ನೇ ಮೊದಲು ನೋಡಿ. ನಟರು ಯಾವುದಕ್ಕೆ ಹೆದರಿದಂತೆ ಅಭಿನಯಿಸಬೇಕಿತ್ತು ಎಂಬುದು ಆಗಲೇ ತಿಳಿಯುವುದು.

ಬಳಸುವಾಗ ಗಮನಿಸಬೇಕಾದ್ದು ಕೆಲವಿದೆ. ಚಿತ್ರದ ಅನುಪಾತ 4:3. ಟಿವಿಯ ಜೂಮ್ ಹಾಕಿದರೆ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ಓವರ್‌ಸ್ಕ್ಯಾನ್ ಆಫ್ ಮಾಡಿ: ಹಳೆಯ ಪಿಕ್ಚರ್ ಟ್ಯೂಬ್ ಟಿವಿ ಅಂಚುಗಳನ್ನು ಮುಚ್ಚುತ್ತಿತ್ತು, ಅದನ್ನೇ ನಂಬಿ ಕ್ಯಾಮೆರಾದವರು ಅಂಚಿಗೆ ಬಂದ ಮೈಕನ್ನೋ ಸೆಟ್ಟಿನ ತುದಿಯನ್ನೋ ಲೆಕ್ಕಿಸುತ್ತಿರಲಿಲ್ಲ. ಮೋಷನ್ ಸ್ಮೂತಿಂಗ್ ಕೂಡ ಬೇಡ. ಸ್ಟುಡಿಯೋ ವಿಡಿಯೋಗೂ ಹೊರಾಂಗಣದ 16 ಎಂಎಂ ಫಿಲ್ಮಿಗೂ ಇರುವ ವ್ಯತ್ಯಾಸ ಅಳಿಸಿಹೋಗುತ್ತದೆ. ವಿಡಿಯೋ ಭಾಗಗಳು ಬ್ಲೂರೇಯಲ್ಲೂ ಹಿಗ್ಗಿಸಿದವೇ, ನಿಜವಾದ ಹೈ ಡೆಫಿನಿಷನ್ ಅಲ್ಲ. ಪೂರ್ತಿ ಫಿಲ್ಮಿನಲ್ಲೇ ತೆಗೆದ 1970ರ ‘ಸ್ಪಿಯರ್‌ಹೆಡ್ ಫ್ರಂ ಸ್ಪೇಸ್’ ಮಾತ್ರ ಇದಕ್ಕೆ ಹೊರತು. ಮೊದಲ ಸಲ ಕಥೆ ನೋಡಿ, ಎರಡನೇ ಸಲ ಮಾಹಿತಿ ಸಬ್‌ಟೈಟಲ್ ಹಾಕಿಕೊಳ್ಳಿ. ಯಾವ ದಿನ, ಯಾವ ಸ್ಟುಡಿಯೋ, ಏನು ಕೈಕೊಟ್ಟಿತು ಎಂಬುದು ದೃಶ್ಯದ ಜೊತೆಗೇ ಬರುತ್ತದೆ.

ಕೊಳ್ಳುವ ಮೊದಲು ರೀಜನ್, ಅಂದರೆ ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡುತ್ತದೆ ಎಂಬ ಗುರುತು, ನೋಡಿಕೊಳ್ಳಿ. ಬ್ಲೂರೇಯಲ್ಲಿ ಬ್ರಿಟನ್‌ದು ಬಿ, ಭಾರತದ್ದು ಸಿ. ಡಿವಿಡಿಯಲ್ಲಿ ಬ್ರಿಟನ್‌ದು 2, ನಮ್ಮದು 5. ಎಲ್ಲ ರೀಜನ್ ಓದುವ ಪ್ಲೇಯರ್ ಇಲ್ಲದಿದ್ದರೆ ಪೆಟ್ಟಿಗೆಗಿಂತ ಮೊದಲು ಅದಕ್ಕೆ ಹಣ ಎತ್ತಿಡಿ.