ಬಂಪರಿಗೆ ಅರ್ಧ, ಬಾನೆಟ್ಟಿಗೆ ಮುಕ್ಕಾಲು: ಒಂದೇ ಕಾರಿಗೆ ಮೂರು ಬಗೆಯ ವಿಮೆ

2019ರ ನವೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಕಾರು ಕೊಂಡಾಗ ಶೋರೂಮಿನವರು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ್ದೆ. ಅದರಲ್ಲಿ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಒಂದು ವರ್ಷದ ಸ್ವಂತ ಹಾನಿ ವಿಮೆ ನನ್ನ ಇಷ್ಟಕ್ಕೆ ಬಿಟ್ಟದ್ದು ಎಂದು ತಿಳಿದದ್ದು ಮರುವರ್ಷ ನವೀಕರಣದ ಸಂದೇಶ ಬಂದಾಗ. ಅಲ್ಲಿಂದೀಚೆಗೆ ಬರೀ ಥರ್ಡ್ ಪಾರ್ಟಿ, ಅದಕ್ಕೆ ಸ್ವಂತ ಹಾನಿಯೂ ಸೇರಿದ ಸಾದಾ ಸಮಗ್ರ ವಿಮೆ, ಭಾಗಗಳು ಸವೆದಿವೆಯೆಂದು ಹಣ ಕಡಿಯದ ಜೀರೋ ಡೆಪ್ ಮೂರನ್ನೂ ಇದೇ ಕಾರಿನ ಮೇಲೆ ನೋಡಿದ್ದೇನೆ. ಮೂರರಲ್ಲೂ ಕಾರಿಗೆ ಪೆಟ್ಟು ಬಿದ್ದದ್ದರಿಂದ ಹೋಲಿಸಲು ನನ್ನ ಬಳಿ ಬಿಲ್ಲುಗಳಿವೆ.

2020ರ ನವೆಂಬರಿನಲ್ಲಿ ಸ್ವಂತ ಹಾನಿಯ ಭಾಗವನ್ನು ಕೈಬಿಟ್ಟೆ. ಲಾಕ್‌ಡೌನಿನ ವರ್ಷ, ಕಾರು ನವನಗರದ ಮನೆಯ ಮುಂದೆ ಧೂಳು ತಿನ್ನುತ್ತಿತ್ತು. ಅಪ್ಪ ತಮ್ಮ ಪದ್ಮಿನಿ ಕಾರನ್ನು ಇಪ್ಪತ್ತು ವರ್ಷ ಬರೀ ಥರ್ಡ್ ಪಾರ್ಟಿಯ ಮೇಲೆಯೇ ಓಡಿಸಿದವರು. ಅದರ ಉಕ್ಕಿನ ಬಂಪರ್ ನೆಗ್ಗಿದರೆ ಟಿಂಕರಿಂಗ್ ಅಂಗಡಿಯವನು ಸುತ್ತಿಗೆಯಿಂದ ನಾಲ್ಕು ಏಟು ಹಾಕಿ ನೇರ ಮಾಡುತ್ತಿದ್ದ. 2021ರ ಜುಲೈನಲ್ಲಿ ಧಾರವಾಡದ ಮಾಳಮಡ್ಡಿಯಲ್ಲಿ ಗೆಳೆಯನ ಮನೆಯೆದುರು ನಿಲ್ಲಿಸಿದ್ದ ಕಾರಿನ ಮೇಲೆ ಜಿಟಿಜಿಟಿ ಮಳೆಗೆ ನೆನೆದ ಕೊಂಬೆಯೊಂದು ಮುರಿದು ಬಿತ್ತು. ಮುಂದಿನ ಗಾಜು ಜೇಡರಬಲೆಯಂತಾಯಿತು, ಮಾಡು ತಟ್ಟೆಯಂತೆ ತಗ್ಗಿತು. 22,600 ರೂಪಾಯಿ ಪೂರ್ತಿ ನನ್ನ ಜೇಬಿನಿಂದ ಹೋಯಿತು. ಥರ್ಡ್ ಪಾರ್ಟಿ ಎಂದರೆ ನಾನು ಇನ್ನೊಬ್ಬರಿಗೆ ಮಾಡಿದ ಹಾನಿಗೆ. ಜೊತೆಗಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಮಾಲೀಕನ ದೇಹಕ್ಕೆ. ಕಾರಿಗೆ ಮಾತ್ರ ದಿಕ್ಕಿಲ್ಲ.

ಆ ನವೆಂಬರಿನಲ್ಲಿಯೇ ಸಾದಾ ಸ್ವಂತ ಹಾನಿ ವಿಮೆಗೆ ಮರಳಿದೆ. ವಿಮೆ ತಪ್ಪಿ 90 ದಿನ ದಾಟಿದ್ದರಿಂದ ಮೊದಲ ವರ್ಷ ಗಳಿಸಿದ್ದ ಶೇ 20ರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಯಿತು. ಮೊಬೈಲಿನಲ್ಲಿ ಕಾರಿನ ಸುತ್ತಲೂ ವಿಡಿಯೊ ತೆಗೆದು ಕಳಿಸಿದ ಮೇಲೆಯೇ ಪಾಲಿಸಿ ಬಂದದ್ದು. 2023ರ ಆರಂಭದಲ್ಲಿ ಗಬ್ಬೂರಿನ ಹತ್ತಿರ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಮುಂದಿನ ಲಾರಿ ಗಕ್ಕನೆ ನಿಂತಿತು, ನಾನು ನಿಲ್ಲಲಿಲ್ಲ. ನರೇಂದ್ರದವರೆಗಿನ ಆ ರಸ್ತೆಯಲ್ಲಿ ನಿತ್ಯ ಓಡಾಡುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವಿಮೆ ಇದೆಯಲ್ಲ ಎಂದು ನಿಶ್ಚಿಂತನಾಗಿ ಗ್ಯಾರೇಜಿಗೆ ಹೋದವನಿಗೆ ಹಾನಿ ಅಳೆಯಲು ಬಂದ ಸರ್ವೇಯರ್ ಕೊಟ್ಟ ಲೆಕ್ಕ ಇಂದಿಗೂ ಬಾಯಿಪಾಠವಿದೆ. ಬಂಪರ್ 9,000, ಹೆಡ್‌ಲೈಟ್ 7,000. ಎರಡೂ ಪ್ಲಾಸ್ಟಿಕ್, ಆದ್ದರಿಂದ ಸವಕಳಿ ಎಂದು ನೇರ ಅರ್ಧ ಕಡಿತ. ಬಾನೆಟ್ 8,000; ಲೋಹಕ್ಕೆ ಕಡಿತ ಕಾರಿನ ವಯಸ್ಸಿನ ಮೇಲೆ. ಮೂರು ದಾಟಿ ನಾಲ್ಕರೊಳಗಿದ್ದ ನನ್ನ ಕಾರಿಗೆ ಶೇ 25. ಬಣ್ಣದ 6,000ದಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರ ಅರ್ಧ, ಅಂದರೆ 750 ಕಡಿತ. ಕೂಲಿ 4,500 ಮಾತ್ರ ಪೂರ್ತಿ ಸಿಕ್ಕಿತು. ಕೊನೆಗೆ ಪ್ರತಿ ಕ್ಲೇಮಿನಲ್ಲೂ ಮಾಲೀಕನೇ ಹೊರಬೇಕಾದ 1,000 ರೂಪಾಯಿಯ ಕಡ್ಡಾಯ ಕಡಿತ. ಒಟ್ಟು 34,500ರ ಬಿಲ್ಲಿನಲ್ಲಿ ಕಂಪನಿ ಕೊಟ್ಟದ್ದು 22,750, ನಾನು ಕೊಟ್ಟದ್ದು 11,750. ಹೊಸದಾಗಿ ಕೂಡಿದ್ದ ಬೋನಸ್ಸೂ ಆ ಕ್ಲೇಮಿನೊಂದಿಗೆ ಹೋಯಿತು. ತಮಾಷೆಯೆಂದರೆ ಗಾಜಿಗೆ ಸವಕಳಿ ಕಡಿತವೇ ಇಲ್ಲ. ಮಾಳಮಡ್ಡಿಯ ಕೊಂಬೆ ಈ ಪಾಲಿಸಿ ಇದ್ದಾಗ ಬಿದ್ದಿದ್ದರೆ ಗಾಜಿನ ಹಣ ಹೆಚ್ಚುಕಡಿಮೆ ಪೂರ್ತಿ ಬರುತ್ತಿತ್ತು.

ಅಪ್ಪನ ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಆಗ ಹೊಳೆಯಿತು. ಇಂದಿನ ಕಾರಿನಲ್ಲಿ ಮೊದಲು ಒಡೆಯುವ ಭಾಗಗಳೆಲ್ಲ ಪ್ಲಾಸ್ಟಿಕ್. ಅವು ನೆಗ್ಗುವುದಿಲ್ಲ, ಸೀಳುತ್ತವೆ. ಸುತ್ತಿಗೆಗೆ ಅಲ್ಲಿ ಕೆಲಸವಿಲ್ಲ. ಸಾದಾ ಪಾಲಿಸಿ ಕೈಕೊಡುವುದೂ ಸರಿಯಾಗಿ ಅಲ್ಲಿಯೇ.

2023ರ ನವೆಂಬರಿನಲ್ಲಿ ಜೀರೋ ಡೆಪ್ ಹಾಕಿಸಿದೆ. ಸ್ವಂತ ಹಾನಿಯ ಪ್ರೀಮಿಯಂ 5,800 ಇದ್ದದ್ದು 8,000ಕ್ಕೆ ಏರಿತು. ಮರುವರ್ಷ ದುರ್ಗದ ಬೈಲಿನ ಇಕ್ಕಟ್ಟಿನಲ್ಲಿ ಹಿಮ್ಮುಖವಾಗಿ ಬಂದ ಟೆಂಪೊ ಹಿಂದಿನ ಬಂಪರನ್ನೂ ದೀಪವನ್ನೂ ಒಡೆದು, ನಾನು ಇಳಿಯುವಷ್ಟರಲ್ಲಿ ಮಾಯವಾಯಿತು. 21,400ರ ಬಿಲ್ಲಿನಲ್ಲಿ ನನ್ನ ಪಾಲು 1,000 ಮತ್ತು ನಟ್ಟು ಬೋಲ್ಟುಗಳ ಚಿಲ್ಲರೆ. ಹೆಚ್ಚಿಗೆ ಕಟ್ಟಿದ್ದ 2,200 ರೂಪಾಯಿ ಒಂದೇ ಏಟಿಗೆ ವಸೂಲಾಯಿತು.

ಅದರ ಜೊತೆ 900 ರೂಪಾಯಿಗೆ ಎಂಜಿನ್ ರಕ್ಷಣೆಯನ್ನೂ ಸೇರಿಸಿದ್ದೆ. ಇದಕ್ಕೆ ಕಾರಣ ಗದಗಿನ ಭಾವಮೈದುನ. ರೈಲ್ವೆ ಕೆಳಸೇತುವೆಯ ನೀರಿನಲ್ಲಿ ಕಾರು ನಿಂತುಹೋದಾಗ ಅವನು ಗಾಬರಿಯಿಂದ ಮೂರು ನಾಲ್ಕು ಸಲ ಕೀಲಿ ತಿರುವಿದ, ಎಂಜಿನ್ ನೀರು ಕುಡಿಯಿತು. ಅವನದು ಸಾದಾ ಸಮಗ್ರ ವಿಮೆ. ಸೀಟು, ಒಳಗಿನ ಸ್ವಚ್ಛತೆಗೆ ಹಣ ಬಂತು. ಎಂಜಿನ್ ಮಾತ್ರ ನೀವು ಚಾಲೂ ಮಾಡಿದ್ದರಿಂದ ಕೆಟ್ಟದ್ದು ಎಂದು ಕಂಪನಿ ಕೈ ತೊಳೆದುಕೊಂಡಿತು. ಈ ರಕ್ಷಣೆ ಇದ್ದರೂ ನೀರಿನಲ್ಲಿ ಕೀಲಿ ಮುಟ್ಟಬಾರದು, ಷರತ್ತುಗಳಿರುತ್ತವೆ.

ನಮ್ಮ ಕಡೆಯವರು ಐಚ್ಛಿಕ ವಿಮೆ ಕೊಳ್ಳುವುದು ಪ್ರೀಮಿಯಂ ಪಟ್ಟಿ ನೋಡಿ ಅಲ್ಲ, ಹೀಗೆ ಯಾರಿಗಾದರೂ ಬಿದ್ದ ಪೆಟ್ಟು ನೋಡಿ. ಸಾಲದ ಕಾರಿನವರಿಗೆ ಬ್ಯಾಂಕೇ ಸಮಗ್ರ ವಿಮೆ ಬೇಕೆನ್ನುತ್ತದೆ, ಅವರ ಮಾತು ಬಿಡಿ. ಹಾವೇರಿಯ ಸಹೋದ್ಯೋಗಿಯೊಬ್ಬರು ಹಾಕಿಸಿದ್ದು ಬೆಂಕಿಗೆ ಹೆದರಿ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಕ್ಕಣೆಗೆ ಹರವಿದ ಹುರುಳಿ ಹೊಟ್ಟಿನ ಮೇಲೆ ಹಾಯ್ದು, ಕಾರಿನ ತಳಕ್ಕೆ ಸುತ್ತಿಕೊಂಡದ್ದು ಹೊಗೆಯಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಬೆಂಕಿಗೂ ಥರ್ಡ್ ಪಾರ್ಟಿಯಲ್ಲಿ ಬಿಡಿಗಾಸು ಇಲ್ಲ.

ನನ್ನ ಕಾರಿಗೆ ಐದು ವರ್ಷ ದಾಟಿದ ಮೇಲೆ ಹಳೆಯ ಕಂಪನಿ ಜೀರೋ ಡೆಪ್ ಕೊಡುವುದಿಲ್ಲವೆಂದಿತು. ಲೋಹದ ಕಡಿತವೂ ಈಗ ಶೇ 40. ಇನ್ನೊಂದು ಕಂಪನಿ ಹೆಚ್ಚಿನ ದರಕ್ಕೆ ಒಪ್ಪಿತು. ಬೈಪಾಸಿನ ಓಡಾಟ ಇರುವವರೆಗೆ ಕಟ್ಟುತ್ತೇನೆ. ಹೆಂಡತಿ ಓಡಿಸುವ 2012ರ ಸಣ್ಣ ಕಾರಿಗೆ ಮಾತ್ರ ಬರೀ ಥರ್ಡ್ ಪಾರ್ಟಿ, 1,000 ಸಿಸಿಯೊಳಗಿನದಾದ್ದರಿಂದ 2,094 ರೂಪಾಯಿ, ಮೇಲೆ ಶೇ 18 ತೆರಿಗೆ. ಸಾದಾ ಸಮಗ್ರ ವಿಮೆ ಹಾಕಿಸಿದರೂ ಹತ್ತು ವರ್ಷ ದಾಟಿದ ಕಾರಿನ ಲೋಹಕ್ಕೂ ಅರ್ಧ ಕಡಿತ. ಅದು ಓಡುವುದು ಶಾಲೆಯವರೆಗೆ, ಮರಳಿ ಮನೆಗೆ. ಅದರ ಬಂಪರಿಗೆ ಈಗಾಗಲೇ ಎರಡು ಕಡೆ ತಂತಿ ಕಟ್ಟಿದ್ದೇವೆ.