ಫೈಬರ್‌ಗ್ಲಾಸ್ ಬಾನೆಟ್, ಒಂಬತ್ತು ವರ್ಷದ ಬಳಕೆ: ಸೊಟ್ಟಗಾಗಿದ್ದು ಯಾಕೆ, ನೆಟ್ಟಗಾಗಿದ್ದು ಹೇಗೆ

ನನ್ನ ಹತ್ತಿರ 1969ರ ಷೆವ್ರೊಲೆ ಕಮಾರೊ ಇದೆ, 350 ಕ್ಯುಬಿಕ್ ಇಂಚಿನ ವಿ8 ಎಂಜಿನ್ನಿನದು. ನಾನಿರುವುದು ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್ ನಗರದಲ್ಲಿ. ಈ ಗಾಡಿಗೆ 2016ರ ಅಕ್ಟೋಬರಿನಲ್ಲಿ ಫೈಬರ್‌ಗ್ಲಾಸ್ ಬಾನೆಟ್ ತರಿಸಿ ಹಾಕಿದೆ. ಇಲ್ಲಿನವರು ಇದನ್ನು ಹುಡ್ ಅನ್ನುತ್ತಾರೆ, ನನ್ನ ಬಾಯಿಗೆ ಬಾನೆಟ್ ಅಂತಲೇ ಬರುವುದು. ಮಾರಿದ ಕಂಪನಿಯ ಹೆಸರು ಬರೆಯುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಕೈಯಲ್ಲಿ ಹಾಸಿ ಮಾಡಿದ ಯಾವ ಬಾನೆಟ್ಟಿಗೂ ಹೀಗೇ ಆಗಬಹುದು ಅಂತ ಈಗ ನನಗೆ ಗೊತ್ತು.

ಮೊದಲು ಒಳ್ಳೆಯ ಮಾತು. ಹಳೆಯ ಉಕ್ಕಿನ ಬಾನೆಟ್ಟನ್ನು ಮನೆಯ ತಕ್ಕಡಿಯ ಮೇಲಿಟ್ಟಾಗ 26 ಕೆ.ಜಿ. ತೂಗಿತು, ಹೊಸದು 13 ಕೆ.ಜಿ. ಅರ್ಧಕ್ಕೆ ಅರ್ಧ. ಮುಂದಿನ ಚಕ್ರಗಳ ಮೇಲೆ ಕೂರುವ ಭಾರ ಅಷ್ಟು ಇಳಿದರೆ ತಿರುವಿನಲ್ಲಿ ಸ್ಟೇರಿಂಗಿಗೆ ಗೊತ್ತಾಗುತ್ತದೆ. ತುಕ್ಕು ಹಿಡಿಯುವ ಮಾತೇ ಇಲ್ಲ. ನಡುವೆ ಎರಡು ಇಂಚು ಎತ್ತರಿಸಿದ ಉಬ್ಬು ಇದೆ, ಹಾಗಾಗಿ ಎತ್ತರದ ಏರ್ ಕ್ಲೀನರ್ ಒಳಗೆ ಸಲೀಸಾಗಿ ಕೂರುತ್ತದೆ. ಗೆರೆಗಳು ಚೆನ್ನಾಗಿ ಬಂದಿದ್ದವು, ಬೋಲ್ಟಿನ ತೂತುಗಳು ಸರಿಯಾದ ಜಾಗದಲ್ಲೇ ಇದ್ದವು. ಮೊದಲ ದಿನ ಫೆಂಡರಿಗೂ (ಮುಂದಿನ ಚಕ್ರದ ಮೇಲಿನ ಪಕ್ಕದ ತಗಡು) ಬಾನೆಟ್ಟಿಗೂ ನಡುವಿನ ಸಂದು ಎರಡೂ ಕಡೆ ಸಮ ಇತ್ತು.

ಪೆಟ್ಟಿಗೆ ಬಿಚ್ಚಿದಾಗ ಮೂಗಿಗೆ ಹೊಡೆಯುವ ವಾಸನೆ ಬಂದಿತ್ತು. ಗ್ಯಾರೇಜಿನಲ್ಲಿ ಎರಡು ವಾರ ಅದೇ ವಾಸನೆ. ಹೊಸ ವಸ್ತು, ಹೀಗೇ ಇರುತ್ತದೆ ಅಂದುಕೊಂಡು ಮೂರನೇ ವಾರಕ್ಕೇ ಪೇಂಟಿಂಗಿಗೆ ಕೊಟ್ಟೆ. ಹೊಳೆಯುವ ಕಪ್ಪು ಬಣ್ಣ. ಆ ವಾಸನೆ ಏನು ಹೇಳುತ್ತಿತ್ತು ಅನ್ನುವುದು ಅರ್ಥವಾಗಲು ಐದು ವರ್ಷ ಬೇಕಾಯಿತು.

2017ರ ಬೇಸಿಗೆಯಲ್ಲಿ ಮೊದಲ ಗುರುತು ಕಂಡಿತು. ಇಳಿಬಿಸಿಲಲ್ಲಿ ಓರೆಯಾಗಿ ನೋಡಿದರೆ, ಒಳಗೆ ಅಂಟಿಸಿರುವ ಚೌಕಟ್ಟಿನ ಆಕಾರ ಮೇಲಿನ ಬಣ್ಣದಲ್ಲಿ ನೆರಳಿನ ಹಾಗೆ ಮೂಡಿತ್ತು. 2018ರ ಸೆಪ್ಟೆಂಬರಿನಲ್ಲಿ ಡ್ರೈವರ್ ಬದಿಯ (ಇಲ್ಲಿ ಅದು ಎಡಗಡೆ) ಹಿಂದಿನ ಮೂಲೆ, ಅಂದರೆ ಗಾಜಿನ ಹತ್ತಿರದ ಮೂಲೆ, 3 ಮಿ.ಮೀ. ಮೇಲೆದ್ದಿತ್ತು. ಹಪ್ಪಳ ಒಣಹಾಕಿದಾಗ ಅಂಚು ಮೇಲೇಳುತ್ತದಲ್ಲ, ಹಾಗೆ. ಕಂಪನಿಗೆ ಫೋಟೋ ಕಳಿಸಿದೆ. ಜೋಡಿಸುವಾಗಿನ ತಪ್ಪು ಅಂದರು. ಆಗ ಸಿಟ್ಟು ಬಂದಿತ್ತು. ಈಗ ನೋಡಿದರೆ ಅವರು ಅಂದದ್ದು ಅರ್ಧ ನಿಜ. ಆದರೆ ಜೊತೆಗೆ ಕೊಟ್ಟ ಕಾಗದದಲ್ಲಿ ಹಿಂಜಿನ ಸ್ಪ್ರಿಂಗಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದು ಅವರ ತಪ್ಪೇ.

ನಾನು ಮಾಡಿದ ತಪ್ಪೂ ಹೇಳಿಬಿಡುತ್ತೇನೆ. ಹಿಂಜಿನ ಕೆಳಗೆ ವಾಷರ್ ಅದಲುಬದಲು ಮಾಡಿ ಮೂಲೆಯನ್ನು ಬಲವಂತವಾಗಿ ಕೆಳಗೆ ಎಳೆದು ಕೂರಿಸಿದೆ. ಆರು ತಿಂಗಳು ಚೆನ್ನಾಗಿ ಕಂಡಿತು. ನಿಜದಲ್ಲಿ ಬಾಗಿದ ಹಲಗೆಯ ಮೇಲೆ ಇನ್ನೊಂದು ಒತ್ತಡ ಹೇರಿದ್ದೆ, ಅಷ್ಟೆ.

ಎಲ್ಲರೂ ಹೇಳುವುದು ಎಂಜಿನ್ನಿನ ಶಾಖದಿಂದ ಹೀಗಾಗುತ್ತದೆ ಅಂತ. ನಾನೂ ಹಾಗೇ ನಂಬಿದ್ದೆ. ಆ ನಂಬಿಕೆ ಮುರಿದದ್ದು 2020ರಲ್ಲಿ. ಕೊರೊನಾ ಕಾಲದಲ್ಲಿ ಮಾರ್ಚಿನಿಂದ ಅಕ್ಟೋಬರಿನವರೆಗೆ ಗಾಡಿ ಮನೆಯ ಅಂಗಳದಲ್ಲೇ ಹೊದಿಕೆ ಹೊದ್ದು ನಿಂತಿತ್ತು, ಬಾನೆಟ್ ಮುಚ್ಚಿತ್ತು. ಬ್ಯಾಟರಿ ಬಿಚ್ಚಿಟ್ಟಿದ್ದೆ, ಎಂಜಿನ್ ಒಮ್ಮೆಯೂ ಚಾಲೂ ಮಾಡಲಿಲ್ಲ. ಅಕ್ಟೋಬರಿನಲ್ಲಿ ಹೊದಿಕೆ ತೆಗೆದು ಅಳೆದರೆ 3 ಮಿ.ಮೀ. ಇದ್ದದ್ದು 7 ಆಗಿದೆ, ಬಲಗಡೆಯ ಮೂಲೆಯೂ ಎದ್ದಿದೆ. ಎಂಜಿನ್ ಬಿಸಿಯಾಗದೆ ಬಾನೆಟ್ ಬಾಗಿದೆ ಅಂದಮೇಲೆ ಬಾಗಿಸಿದ್ದು ಬೇರೆ ಏನೋ ಇರಬೇಕು.

ದಾವಣಗೆರೆಯಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಬೆಂಗಳೂರಿನ ಪೀಣ್ಯದಲ್ಲಿ ಎಫ್‌ಆರ್‌ಪಿ, ಅಂದರೆ ಗಾಜಿನ ಎಳೆ ಸೇರಿಸಿದ ಪ್ಲಾಸ್ಟಿಕ್ಕಿನ ವರ್ಕ್‌ಶಾಪ್ ನಡೆಸುತ್ತಾನೆ. ಬಸ್ಸಿನ ಮುಂಭಾಗ, ನೀರಿನ ತೊಟ್ಟಿ, ಅಂಥವು. ಅವನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಮೂಲೆ ನೋಡುವ ಮೊದಲೇ ಅವನು ಕೇಳಿದ್ದು, "ಡಬ್ಬ ಬಿಚ್ಚಿದಾಗ ವಾಸ್ನೆ ಬಂದಿತ್ತೇನೋ?"

"ಬಂದಿತ್ತು ಕಣೋ, ಎರಡು ವಾರ ಹೋಗ್ಲೇ ಇಲ್ಲ."

"ಹಾಗಾದ್ರೆ ಹಸೀದೇ ಕಳಿಸಿದಾರೆ ಬಿಡು. ನಾವೂ ಅರ್ಜೆಂಟ್ ಆರ್ಡರ್ ಇದ್ದಾಗ ಅಚ್ಚಿಂದ ಬೇಗ ಬಿಡಿಸಿಬಿಟ್ರೆ ಇದೇ ಗತಿ."

ಹಸಿ ಅಂದರೆ ಏನು ಅಂತ ಅವನು ಬಿಡಿಸಿ ಹೇಳಿದ. ಅಚ್ಚಿನ ಮೇಲೆ ಮೊದಲು ಜೆಲ್ ಕೋಟ್, ಅದರ ಮೇಲೆ ಗಾಜಿನ ಎಳೆಗಳ ಮ್ಯಾಟ್ ಹಾಸಿ ಪಾಲಿಯೆಸ್ಟರ್ ರೆಸಿನ್, ಅಂದರೆ ಆಮೇಲೆ ಗಟ್ಟಿಯಾಗುವ ಅಂಟಿನಂಥ ದ್ರವ, ಉಣಿಸುತ್ತಾರೆ. ರೆಸಿನ್ ತೆಳ್ಳಗಿರಲಿ, ಆಮೇಲೆ ಗಟ್ಟಿಯಾಗಲಿ ಅಂತ ಅದರಲ್ಲಿ ಸ್ಟೈರೀನ್ ಅನ್ನುವ ಘಾಟು ದ್ರವ ಇರುತ್ತದೆ. ನಾನು ಮೂಸಿದ್ದು ಅದನ್ನೇ. ಶೇಕಡಾ ಒಂದೆರಡರಷ್ಟು ಹಾರ್ಡನರ್ ಬೆರೆಸಿದರೆ ರೆಸಿನ್ ತಾನೇ ಕಾವೆದ್ದು ಗಟ್ಟಿಯಾಗುತ್ತದೆ. ಕೆಲವೇ ಗಂಟೆಯಲ್ಲಿ ಮುಟ್ಟಿದರೆ ಕಲ್ಲಿನ ಹಾಗೆ ಇರುತ್ತದೆ, ಆದರೆ ಒಳಗಿನ ಕೆಲಸ ವಾರಗಟ್ಟಲೆ ನಡೆಯುತ್ತಿರುತ್ತದೆ. ಗಟ್ಟಿಯಾಗುವಾಗ ರೆಸಿನ್ ಗಾತ್ರದಲ್ಲಿ ಶೇಕಡಾ 5ರಿಂದ 8ರಷ್ಟು ಕುಗ್ಗುತ್ತದೆ. ಗಾಜು ಕುಗ್ಗುವುದಿಲ್ಲ. ಒಂದು ಮುಖದಲ್ಲಿ ಬರೀ ರೆಸಿನ್ ಆಗಿರುವ ಜೆಲ್ ಕೋಟ್, ಇನ್ನೊಂದು ಮುಖದಲ್ಲಿ ಗಾಜು ತುಂಬಿದ ಮ್ಯಾಟ್. ಎರಡೂ ಬೇರೆ ಬೇರೆ ಅಳತೆಯಲ್ಲಿ ಕುಗ್ಗುವುದರಿಂದ ಹಾಳೆಯೊಳಗೆ ಎಳೆದಾಟ ಉಳಿದುಬಿಡುತ್ತದೆ. ಅಚ್ಚಿನ ಮೇಲೇ ಬಿಟ್ಟು 60ರಿಂದ 80 ಡಿಗ್ರಿ ಕಾವಿನಲ್ಲಿ ಕೆಲವು ಗಂಟೆ ಬೇಯಿಸಿದರೆ ಒಳಗಿನ ಕೆಲಸ ಅಲ್ಲೇ ಬಹುಪಾಲು ಮುಗಿಯುತ್ತದೆ. ಬೇಗ ಬಿಡಿಸಿ ಪೆಟ್ಟಿಗೆಗೆ ತುಂಬಿದರೆ ಉಳಿದ ಬೇಯುವಿಕೆ ನಮ್ಮ ಗಾಡಿಯ ಮೇಲೆ, ಬಿಸಿಲಲ್ಲಿ ನಡೆಯುತ್ತದೆ. ಆಗ ಯಾವ ಆಕಾರದಲ್ಲಿ ಹಿಡಿದಿಟ್ಟಿರುತ್ತೇವೋ ಅದೇ ಆಕಾರಕ್ಕೆ ಅದು ಹೊಂದಿಕೊಳ್ಳುತ್ತದೆ.

ಇನ್ನೊಂದು ವಿಷಯ, ಉಷ್ಣತೆಯ ಮಿತಿ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಸುಮಾರು 60ರಿಂದ 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಭಾರ ಹೊರುವ ಬಿಗಿ ಕಳೆದುಕೊಳ್ಳುತ್ತದೆ. ಸರಿಯಾಗಿ ಬೇಯದಿದ್ದರೆ ಇನ್ನೂ ಮೊದಲೇ. ನಾನು ಇನ್ಫ್ರಾರೆಡ್ ಥರ್ಮಾಮೀಟರ್ ತಂದು ಅಳೆದೆ. ಜುಲೈ ಮಧ್ಯಾಹ್ನ ಮೂರು ಗಂಟೆಗೆ ಕಪ್ಪು ಬಾನೆಟ್ಟಿನ ಮೇಲ್ಮೈ 78 ಡಿಗ್ರಿ, ಗಾಡಿ ಬರೀ ನಿಂತಿದ್ದಾಗ. ಹೈವೇಯಲ್ಲಿ ಓಡಿಸಿ ಬಂದು ಎಂಜಿನ್ ಆಫ್ ಮಾಡಿದ ಹದಿನೈದು ನಿಮಿಷಕ್ಕೆ ಒಳಮೈ 88. ಓಡುವಾಗ ಗಾಳಿ ಆಡುತ್ತದೆ, ನಿಲ್ಲಿಸಿದಮೇಲೆ ಆ ಕಾವೆಲ್ಲ ಮೇಲಕ್ಕೆ ಬಂದು ಬಾನೆಟ್ಟಿಗೆ ತಾಗುತ್ತದೆ.

ಆದರೂ ಬರೀ ಶಾಖ ಬಾನೆಟ್ಟನ್ನು ಅಷ್ಟು ಬಾಗಿಸುವುದಿಲ್ಲ. ಮೆತ್ತಗಾದದ್ದನ್ನು ಯಾವುದೋ ಒಂದು ಒತ್ತಬೇಕು. ಒತ್ತುತ್ತಿದ್ದದ್ದು ಹಿಂಜಿನ ಸ್ಪ್ರಿಂಗು. ಕಾರ್ಖಾನೆಯಿಂದ ಬಂದ ಆ ದಪ್ಪ ಸುರುಳಿಗಳು 26 ಕೆ.ಜಿ. ಉಕ್ಕನ್ನು ಎತ್ತಿ ಹಿಡಿಯಲು ಇರುವಂಥವು. ಬಾನೆಟ್ ಮುಚ್ಚಿದಾಗಲೇ ಅವು ಹೆಚ್ಚು ಎಳೆದುಕೊಂಡಿರುವುದು. ಮುಂದೆ ಲಾಕು ಮೂತಿಯನ್ನು ಕೆಳಗೆ ಹಿಡಿದಿದೆ, ಹಿಂದೆ ಎರಡು ಸ್ಪ್ರಿಂಗು ಮೂಲೆಗಳನ್ನು ಮೇಲಕ್ಕೆ ತಳ್ಳುತ್ತಿವೆ. ಉಕ್ಕಿನ ಬಾನೆಟ್ ಇದನ್ನು ಹತ್ತಿರ ಹತ್ತಿರ ಐವತ್ತು ವರ್ಷ ತಡೆದುಕೊಂಡಿತು. ಅದರ ಅರ್ಧ ತೂಕದ, ಬಿಸಿಲಿಗೆ ದಿನಾ ಮೆತ್ತಗಾಗುವ ಹಾಳೆ ಎಷ್ಟು ತಡೆದೀತು? ಹಳೆಯ ಹೆಂಚಿನ ಮನೆಯ ತೊಲೆ ಒಂದೇ ದಿನ ಜಗ್ಗುವುದಿಲ್ಲವಲ್ಲ, ವರ್ಷವರ್ಷವೂ ಕೂದಲೆಳೆಯಷ್ಟು ಇಳಿಯುತ್ತದೆ. ಇದೂ ಅಷ್ಟೇ: ಮಧ್ಯಾಹ್ನ ಮೆತ್ತಗಾಗಿ ಸ್ವಲ್ಪ ಬಾಗುತ್ತದೆ, ರಾತ್ರಿ ತಣ್ಣಗಾಗಿ ಆ ಬಾಗಿನಲ್ಲೇ ಗಟ್ಟಿಯಾಗುತ್ತದೆ, ಮರುದಿನ ಅಲ್ಲಿಂದ ಮುಂದಕ್ಕೆ.

ಅಮೆರಿಕದ ಕಾರು ತಯಾರಿಕೆಯ ಊರಾದ ಡೆಟ್ರಾಯಿಟಿನವರಿಗೆ ಹಗುರ ಬಾನೆಟ್ಟಿನ ಸ್ವಭಾವ ಆಗಲೇ ಗೊತ್ತಿತ್ತು ಅಂತ ನನಗನಿಸುತ್ತದೆ. 1969ರಲ್ಲಿ 440 ಸಿಕ್ಸ್ ಪ್ಯಾಕ್ ಎಂಜಿನ್ನಿನ ಡಾಡ್ಜ್ ಸೂಪರ್ ಬೀ ಮತ್ತು ಅದೇ ಎಂಜಿನ್ನಿನ ಪ್ಲಿಮತ್ ರೋಡ್ ರನ್ನರ್ ಬಂದವು. ಅವುಗಳ ಮಾಸಲು ಕಪ್ಪಿನ ಫೈಬರ್‌ಗ್ಲಾಸ್ ಬಾನೆಟ್ಟಿಗೆ ಹಿಂಜೇ ಇರಲಿಲ್ಲ. ನಾಲ್ಕು ಪಿನ್ನು ಕಿತ್ತು, ಇಬ್ಬರು ಸೇರಿ ಎತ್ತಿ ಪಕ್ಕಕ್ಕಿಡಬೇಕು. ತೊಂದರೆಯ ವ್ಯವಸ್ಥೆಯೇ, ಆದರೆ ಮೂಲೆಯನ್ನು ತಳ್ಳುವ ಸ್ಪ್ರಿಂಗಿನ ಪ್ರಶ್ನೆಯೇ ಅಲ್ಲಿಲ್ಲ. 1953ರಿಂದಲೂ ಮೈಯೆಲ್ಲ ಫೈಬರ್‌ಗ್ಲಾಸ್ ಆಗಿರುವ ಷೆವ್ರೊಲೆಯದೇ ಸ್ಪೋರ್ಟ್ಸ್ ಕಾರು ಕಾರ್ವೆಟ್ ಸೊಟ್ಟಗಾಗುವುದಿಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಅದರ ಹಿಂಜು, ಸ್ಪ್ರಿಂಗು, ಚೌಕಟ್ಟು ಎಲ್ಲ ಮೊದಲಿಂದಲೂ ಹಗುರ ಹಾಳೆಗೆಂದೇ ಮಾಡಿದ್ದು. ಮುಂದಿನ ಕಾಲದ ಕಾರ್ವೆಟ್‌ಗಳ ಹಾಳೆಗಳನ್ನಂತೂ ಕಾಯಿಸಿದ ಉಕ್ಕಿನ ಅಚ್ಚುಗಳ ನಡುವೆ ಒತ್ತಿ ಬೇಯಿಸುತ್ತಿದ್ದರು. ಕೋಣೆಯ ಉಷ್ಣತೆಯಲ್ಲಿ ಕೈಯಲ್ಲಿ ಹಾಸಿದ್ದಕ್ಕೂ ಅದಕ್ಕೂ ಹೋಲಿಕೆ ಸಲ್ಲದು.

2021ರ ಮಾರ್ಚಿನಲ್ಲಿ ಎರಡೂ ಸ್ಪ್ರಿಂಗು ಬಿಚ್ಚಿ ತೆಗೆದೆ. ಬಾನೆಟ್ ಎತ್ತಿದಾಗ ಆನಿಸಲು ಮಾರುತಿ 800ರಲ್ಲಿದ್ದ ಹಾಗೆ ಒಂದು ಕಬ್ಬಿಣದ ಕೋಲು. ಮುಂದಿನ ಎರಡು ರಬ್ಬರ್ ಗುಂಡಿಗಳನ್ನೂ ಎರಡು ಸುತ್ತು ಕೆಳಗಿಳಿಸಿದೆ, ಅವು ಮುಂದಿನ ಮೂಲೆಗಳನ್ನು ಇದೇ ರೀತಿ ಮೇಲಕ್ಕೆ ಒತ್ತುತ್ತಿದ್ದವು. ಬಣ್ಣ ಕಪ್ಪೇ, ನಿಲ್ಲಿಸುವ ಜಾಗ ಅದೇ, ಬಿಸಿಲೂ ಅದೇ. ಆ ಇಡೀ ಬೇಸಿಗೆಯಲ್ಲಿ ಬಾಗು ಅರ್ಧ ಮಿ.ಮೀ. ಕೂಡ ಹೆಚ್ಚಲಿಲ್ಲ. ಸ್ಪ್ರಿಂಗಿನ ಬಗ್ಗೆ ಇದ್ದ ಅನುಮಾನ ಅಲ್ಲಿಗೆ ತೀರಿತು.

ಆದರೆ ಆಗಲೇ ಎದ್ದಿದ್ದ 7 ಮಿ.ಮೀ. ಹಾಗೇ ಇತ್ತು. 2022ರ ಜೂನಿನಲ್ಲಿ ಬಾನೆಟ್ ಬಿಚ್ಚಿ ಅಂಗಳದ ಬಿಸಿಲಲ್ಲಿಟ್ಟೆ. ನಡುಭಾಗಕ್ಕೆ ಆಕಾರಕ್ಕೆ ತಕ್ಕಂತೆ ಕತ್ತರಿಸಿದ ಪ್ಲೈವುಡ್ ಆಸರೆ, ಹಿಂದಿನ ಎರಡು ಮೂಲೆಯ ಮೇಲೆ ಇಪ್ಪತ್ತು ಪೌಂಡಿನ ಒಂದೊಂದು ಸೋನಾ ಮಸೂರಿ ಅಕ್ಕಿ ಚೀಲ. ಅಕ್ಕಿ ಚೀಲ ಮೈಗೆ ಮೆತ್ತಗೆ ಹೊಂದಿಕೊಂಡು ಕೂರುತ್ತದೆ, ಬಣ್ಣಕ್ಕೆ ಗೀರು ಬೀಳುವುದಿಲ್ಲ. ಬೇಕಾದದ್ದಕ್ಕಿಂತ 4 ಮಿ.ಮೀ. ಹೆಚ್ಚೇ ಕೆಳಗೆ ಬಗ್ಗಿಸಿದೆ, ಯಾಕೆಂದರೆ ಭಾರ ತೆಗೆದಮೇಲೆ ಸ್ವಲ್ಪ ವಾಪಸು ಏಳುತ್ತದೆ. ನಾಲ್ಕು ದಿನ ಹಾಗೇ ಬಿಟ್ಟೆ. ಬಿಸಿ ಇರುವಾಗ ಭಾರ ತೆಗೆದರೆ ಮಾಡಿದ್ದೆಲ್ಲ ವ್ಯರ್ಥ, ಐದನೇ ದಿನ ಬೆಳಗಿನ ಜಾವ ತಣ್ಣಗಿದ್ದಾಗಲೇ ತೆಗೆಯಬೇಕು. ಆ ನೆಟ್ಟನೆಯ ಆಕಾರದಲ್ಲೇ ಒಳಮೈಯನ್ನು 80ನೇ ನಂಬರಿನ ಮರಳು ಕಾಗದದಲ್ಲಿ ಉಜ್ಜಿ, ಮೂರು ಫೋಮ್ ಪಟ್ಟಿಗಳನ್ನು ಅಡ್ಡಲಾಗಿ ಅಂಟಿಸಿ, ಅವುಗಳ ಮೇಲೆ ಶಾಖ ತಡೆಯುವ ಎಪಾಕ್ಸಿಯಲ್ಲಿ ಗಾಜಿನ ಬಟ್ಟೆ ಹೊದಿಸಿದೆ. ತೂಕ ಒಂದು ಕೆ.ಜಿ. ಹೆಚ್ಚಾಯಿತು. ಮೊದಲೇ ಇಷ್ಟು ಬೆನ್ನೆಲುಬು ಕೊಟ್ಟು ಕಳಿಸಿದ್ದರೆ 14 ಕೆ.ಜಿ.ಯ ಬಾನೆಟ್ ಅಂತ ನಾನು ಸಂತೋಷವಾಗಿಯೇ ಕೊಳ್ಳುತ್ತಿದ್ದೆ.

ಆಮೇಲೆ ಬಣ್ಣವನ್ನೂ ಬದಲಿಸಿದೆ. ಕಪ್ಪು ಬಿಟ್ಟದ್ದು ನನಗೆ ಇವತ್ತಿಗೂ ಬೇಸರ, ಆ ಗಾಡಿಗೆ ಕಪ್ಪು ಅಷ್ಟು ಒಪ್ಪುತ್ತಿತ್ತು. ಬೆಳ್ಳಿ ಬಣ್ಣಕ್ಕೆ ಅದೇ ಮಧ್ಯಾಹ್ನದ ಬಿಸಿಲಲ್ಲಿ 62 ಡಿಗ್ರಿ ಬರುತ್ತದೆ. ಹದಿನಾರು ಡಿಗ್ರಿ ಕಮ್ಮಿ.

ಇದಕ್ಕೆ ನಿಜವಾದ ಪರೀಕ್ಷೆ ಬಂದದ್ದು 2023ರಲ್ಲಿ. ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಫೀನಿಕ್ಸಿನಲ್ಲಿ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತು ಇಲ್ಲವೇ ದಾಟಿತು. ಹೊರಗೆ ನಿಂತವರು ನಿಂತಲ್ಲೇ ಬಾಡುವಂಥ ಬಿಸಿಲು. ಪ್ರತಿ ಭಾನುವಾರ ಬೆಳಿಗ್ಗೆ ಅಳೆದು ಬರೆದಿಟ್ಟೆ. ತಿಂಗಳ ಕೊನೆಗೆ ಎಡ ಮೂಲೆ ಒಂದು ಮಿ.ಮೀ. ಎದ್ದಿತ್ತು, ಬಲ ಮೂಲೆ ಕದಲಿರಲಿಲ್ಲ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಆಕಾರಕ್ಕೆ, ತೂಕಕ್ಕೆ ಪೂರ್ತಿ ಅಂಕ. ಹಸಿಯಾಗಿ ಕಳಿಸಿದ್ದಕ್ಕೆ ಒಂದು, ಸ್ಪ್ರಿಂಗಿನ ಮಾತು ಹೇಳದೇ ಹೋದದ್ದಕ್ಕೆ ಒಂದು ಕಳೆದಿದ್ದೇನೆ.

ಕೊಳ್ಳುವವರು ಬೆಲೆ ಕೇಳುವ ಮೊದಲು ಯಾವ ರೆಸಿನ್, ಬೇಯಿಸಿದ್ದಾರೋ ಇಲ್ಲವೋ ಕೇಳಿ. ವಿನೈಲ್ ಎಸ್ಟರ್ ಆದರೆ ಒಳ್ಳೆಯದು, ಅದರ ಮಿತಿ ನೂರು ಡಿಗ್ರಿಯ ಆಸುಪಾಸು. ಪೆಟ್ಟಿಗೆ ಬಿಚ್ಚಿದಾಗ ವಾಸನೆ ಬಂದರೆ ಪೇಂಟಿಂಗಿಗೆ ಅವಸರ ಮಾಡಬೇಡಿ. ಸುತ್ತಲೂ ಸಮನಾಗಿ ಆಸರೆ ಕೊಟ್ಟು, ವಾಸನೆ ಪೂರ್ತಿ ಹೋಗುವವರೆಗೆ ವಾರಗಟ್ಟಲೆ ಬಿಸಿಲಿಗಿಡಿ. ಆಸರೆ ಇಲ್ಲದೆ ಗೋಡೆಗೆ ಒರಗಿಸಿದರೆ ಆ ಒರಗಿದ ಆಕಾರಕ್ಕೇ ಬೆಂದುಬಿಡುತ್ತದೆ. ಹಳೆಯ ಸ್ಪ್ರಿಂಗನ್ನಂತೂ ಮೊದಲ ದಿನವೇ ತೆಗೆಯಿರಿ. ಮುಚ್ಚುವಾಗ ಮೂತಿಯ ಮೇಲೆ ಅಂಗೈ ಒತ್ತಿ ತಳ್ಳಬೇಡಿ, ಹಿಂಜಿನ ಮುಂದೆ ಸರಿಯಾಗಿ ಅದೇ ಜಾಗದಲ್ಲಿ ಹಾಳೆ ಮಡಚಿಕೊಳ್ಳುತ್ತದೆ.

ನನ್ನ ಬೀದಿಯವರೊಬ್ಬರು ತಮ್ಮ 1968ರ ಗಾಡಿಗೆ ಇಂಥದ್ದೇ ಬಾನೆಟ್ ತರಿಸಿದ್ದಾರೆ. ಅದು ಈಗ ನಮ್ಮ ಅಂಗಳದಲ್ಲಿ, ನನ್ನ ಪ್ಲೈವುಡ್ ಆಸರೆಯ ಮೇಲೆ ಬಿಸಿಲು ಕಾಯುತ್ತಿದೆ. ಇದು ಐದನೇ ವಾರ, ಬಗ್ಗಿ ಮೂಸಿದರೆ ವಾಸನೆ ಇನ್ನೂ ಸ್ವಲ್ಪ ಇದೆ.